ಬಜಾರಿಯ ಓಲೆ ಮುದ್ದಿಯ ಕಿವಿಗೆ

ಇಂದ:
ಎರಡು ಕಡಸುಗಳ ಮಾಲೀಕ (ಇನ್ನು ಮುಂದೆ ‘ಅರ್ಜಿದಾರ’)

ಗೆ:
ತಪಾಸಣಾಧಿಕಾರಿಗಳು, ತಳಿ ಜಾನುವಾರು ರಫ್ತು ವಿಭಾಗ, ಗಡಿಠಾಣೆ

ವಿಷಯ: ಸೋಮವಾರ ಲಾರಿ ಗಡಿ ದಾಟುವ ಮುನ್ನ ನಮ್ಮ ಮುದ್ದಿಯನ್ನು ಇಳಿಸಿಕೊಡುವ ಬಗ್ಗೆ.

ಉಲ್ಲೇಖ: 1) ಗುರುತಿನ ನಿಯಮ: ರಫ್ತಾಗುವ ರಾಸಿನ ಎರಡೂ ಕಿವಿಯಲ್ಲಿ ಒಂದೇ ಸಂಖ್ಯೆಯ ಓಲೆ ಇರತಕ್ಕದ್ದು, ಒಮ್ಮೆ ಹಾಕಿದ್ದನ್ನು ತೆಗೆಯತಕ್ಕದ್ದಲ್ಲ.
2) ಹೆಂಡತಿಯ ಮೌಖಿಕ ಆದೇಶ, ಅಡುಗೆಮನೆ ಬಾಗಿಲಿನಿಂದ.

ಮಾನ್ಯರೇ,

1. ಸದರಿ ಕಡಸುಗಳೆರಡೂ ಒಂದೇ ತಾಯಿಯವು, ಎರಡೂ ಕಪ್ಪು. ಗಡಿಯಾಚೆಯ ತಳಿಗಾರನಿಗೆ ಮಾರಿದ್ದು ದೊಡ್ಡದಾದ ಬಜಾರಿಯನ್ನು. ಚಿಕ್ಕದು ಮುದ್ದಿ, ತಾಯಿ ಸತ್ತ ಮೇಲೆ ಹೆಂಡತಿ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅದನ್ನು ಮಾರುವ ಮಾತೇ ಇರಲಿಲ್ಲ.

2. ಓಲೆ ಹಾಕುವ ದಿನ ಹೆಂಡತಿ ತವರಿನಲ್ಲಿದ್ದಳು. ಪಶುವೈದ್ಯರ ಇಕ್ಕಳ ಕಂಡದ್ದೇ ತಡ, ಬಜಾರಿ ಅರ್ಜಿದಾರನ ಮೊಣಕಾಲಿಗೊಂದು ಝಾಡಿಸಿ ಮೂಲೆ ಸೇರಿತು. ಮುದ್ದಿಗೋ, ಯಾರು ‘ಬಾರೇ’ ಎಂದರೂ ಕತ್ತು ಮುಂದೆ ಮಾಡಿ, ತುರಿಸಲೆಂದು ಕಿವಿ ಚಾಚುವ ಅಭ್ಯಾಸ, ಹೆಂಡತಿ ಕಲಿಸಿದ್ದು. ವೈದ್ಯರು ‘ಬಾರೇ’ ಎಂದರು, ಅದು ಬಂತು. ಇದೇನಾ ಎಂದು ಕೇಳಿದಾಗ ಅರ್ಜಿದಾರನು ಮೊಣಕಾಲು ಉಜ್ಜಿಕೊಳ್ಳುತ್ತಾ, ತಲೆಯೆತ್ತದೆ, ಹೂಂ ಎಂದನು. ಆ ಕಾರಣ ಓಲೆಗಳು ಮುದ್ದಿಯ ಕಿವಿಗೆ ಬಿದ್ದವು. ಆ ಕಾರಣ ಲಾರಿಯವನು ಓಲೆ ನೋಡಿ ಅದನ್ನೇ ಹತ್ತಿಸಿಕೊಂಡನು.

3. ಸಂಜೆ ಹೆಂಡತಿ ಬಂದು, ಕೊಟ್ಟಿಗೆಯ ಕತ್ತಲಲ್ಲಿ ‘ಬಾರೇ’ ಎಂದಳು. ಅವಳ ಮೊಣಕಾಲಿಗೂ ಒದೆ ಬಿತ್ತು. ಆಗ ಸಂಗತಿ ಬಯಲಾಯಿತು.

4. “ಮುದ್ದಿಯ ಮುಖ ಗುರುತು ಸಿಗಲಿಲ್ವಾ ನಿಮಗೆ? ಸರಿ ಬಿಡಿ, ನನಗೂ ನಿಮ್ಮ ಗುರುತಿಲ್ಲ,” ಎಂದಳು. ಅಂದಿನಿಂದ ನುಡಿದಂತೆ ನಡೆಯುತ್ತಿದ್ದಾಳೆ. ಅರ್ಜಿದಾರನನ್ನು ಹುಡುಕಿಕೊಂಡು ಬಂದ ಅಂಚೆಯವನಿಗೆ, ಅಂಥವರು ಇಲ್ಲಿ ಯಾರೂ ಇಲ್ಲವೆಂದು ಹೇಳಿ ಕಳುಹಿಸಿದಳು. ಅರ್ಜಿದಾರ ಪಕ್ಕದಲ್ಲೇ ನಿಂತಿದ್ದ.

5. ಸೋಮವಾರದವರೆಗೆ ಅದನ್ನು ಕಾಯುತ್ತಿರುವ ತಮ್ಮ ಠಾಣೆಯ ಕಾವಲುಗಾರರು ಫೋನ್ ಮಾಡಿ, ಮುದ್ದಿ ಹುಲ್ಲು ಮುಟ್ಟುತ್ತಿಲ್ಲ ಎನ್ನುತ್ತಾರೆ. ಫೋನನ್ನು ಅದರ ಕಿವಿಗೆ ಹಿಡಿದು ಹೆಂಡತಿಯ ದನಿ ಕೇಳಿಸಿದರೆ ನಾಲ್ಕು ಬಾಯಿ ತಿನ್ನುತ್ತದಂತೆ. ಫೋನಿಟ್ಟ ಮೇಲೆ ಇವಳು ಅಳುತ್ತಾಳೆ. ಅರ್ಜಿದಾರನು ಕೊಟ್ಟಿಗೆಗೆ ಹೋಗಿ ಮುದ್ದಿಯ ಖಾಲಿ ಗೂಟದ ಬಳಿ ಕೂರುತ್ತಾನೆ. ಇದನ್ನು ಕಡತಕ್ಕೆ ಸೇರಿಸಬೇಕಾಗಿಲ್ಲ.

ಆದ್ದರಿಂದ, ಬಜಾರಿಯನ್ನು ಈ ಅರ್ಜಿಯ ಜೊತೆಗೇ ಕಳುಹಿಸಲಾಗಿದೆ. ಎರಡನ್ನೂ ಅಂಗಳದಲ್ಲಿ ನಿಲ್ಲಿಸಿ, ತಾವು ಖುದ್ದಾಗಿ ‘ಬಾರೇ’ ಎನ್ನಬೇಕು. ಕಿವಿ ಚಾಚಿದ್ದನ್ನು ಮನೆಗೆ ಕಳುಹಿಸತಕ್ಕದ್ದು, ಒದ್ದದ್ದನ್ನು ರಫ್ತು ಮಾಡತಕ್ಕದ್ದು.

ತಮ್ಮ ವಿಶ್ವಾಸಿ
(ಮನೆಯಲ್ಲಿ ಸದ್ಯ ಆ ಸ್ಥಾನ ಖಾಲಿ),
ಅರ್ಜಿದಾರ

ಲಗತ್ತು: ಬಜಾರಿ ಒಂದು; ಹಗ್ಗ ಎರಡು; ಮೊಣಕಾಲಿನ ವೈದ್ಯಕೀಯ ಪತ್ರ ಎರಡು, ಗಂಡನದೊಂದು, ಹೆಂಡತಿಯದೊಂದು.

ವಿಶೇಷ ಸೂಚನೆ: ನಿಯಮ ಸಡಿಲಿಸಲು ಬಾರದಿದ್ದಲ್ಲಿ, ಅರ್ಜಿದಾರನ ಎರಡೂ ಕಿವಿಗೆ ಒಂದೇ ಸಂಖ್ಯೆಯ ಓಲೆ ಹಾಕಿಸಿ, ಈತ ಈ ಮನೆಯ ಗಂಡನೇ ಹೌದೆಂದು ದೃಢೀಕರಿಸಿಕೊಡಬೇಕಾಗಿ ವಿನಂತಿ. ತೆಗೆಯಲು ಬಾರದಂಥದ್ದೇ ಆಗಲಿ.