ಕೆಲೆಪಿಯ ಲೋವೋ ಬೇಯಲಿಲ್ಲ

ಹೊಂಡದೊಳಗಿನ ಕಲ್ಲುಗಳು ಇನ್ನೂ ಸರಿಯಾಗಿ ಕಾದಿರಲಿಲ್ಲ. ಅಷ್ಟರಲ್ಲಿ ಟೊರಿಕಾ ಹಿತ್ತಲ ಬಾಗಿಲಿಗೆ ಬಂದು ನಿಂತು, "ಕೆಲೆಪಿ, ನಿನ್ನೆ ರಾತ್ರಿಯಿಂದ ಮಗು ಒದೀತಾನೇ ಇಲ್ಲ ಕಣೋ" ಅಂದಳು.

ಕೆಲೆಪಿಯ ಕೈಯಲ್ಲಿದ್ದ ಕೋಲು ಜಾರಿ ಕೆಂಡದ ಮೇಲೆ ಬಿತ್ತು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನಿಂತ ಬಸಿರು, ಅದೂ ತಿಂಗಳು ತುಂಬುತ್ತಾ ಬಂದಿತ್ತು. ಆ ಮಗು ಒದೆಯುತ್ತಿದ್ದ ರಭಸಕ್ಕೆ ಟೊರಿಕಾಳ ಹೊಟ್ಟೆಯ ಮೇಲಿಟ್ಟ ಬಟ್ಟಲು ಕುಣಿಯುತ್ತಿತ್ತು. ಊರಿನ ರಗ್ಬಿ ತಂಡದವರು ಆಗಲೇ ಅದಕ್ಕೊಂದು ಜಾಗ ಕಾದಿರಿಸಿದ್ದರು. ಅಂಥದ್ದು ಈಗ ಸುಮ್ಮನಾಗಿತ್ತು.

ಅದೂ ಇವತ್ತೇ ಆಗಬೇಕೆ! ಊರಿಗೆ ಹೊಸ ಪಾದ್ರಿ ಹೆಂಡತಿಯ ಸಮೇತ ಬಂದಿಳಿದಿದ್ದರು. ಅವರನ್ನು ಬರಮಾಡಿಕೊಳ್ಳುವ ಊಟ ಕೆಲೆಪಿಯ ಹೊಂಡದಲ್ಲೇ ಬೇಯಬೇಕು. ಕಾದ ಕಲ್ಲಿನ ಮೇಲಿಟ್ಟು ಮಣ್ಣು ಮುಚ್ಚಿ ಬೇಯಿಸುವ ಈ ಲೋವೋವನ್ನು ಇಡೀ ಫಿಜಿಯಲ್ಲಿ ತನ್ನಂತೆ ಹಾಕುವವನಿಲ್ಲ ಎಂದು ಅವನು ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದ. "ನನ್ನ ಲೋವೋ ಬೇಯಲಿಲ್ಲ ಅಂದ್ರೆ ಸಮುದ್ರ ಬತ್ತಿಹೋಯ್ತು ಅಂತ ತಿಳ್ಕೊಳ್ಳಿ" ಎಂದು ಯಂಗೋನ ಬೇರಿನ ರಸ ಕುಡಿಯಲು ಕೂತಾಗಲೆಲ್ಲ ಊರಿಗೇ ಕೇಳುವಂತೆ ಸಾರುತ್ತಿದ್ದ.

ಅಂಥ ಕೆಲೆಪಿ ಈಗ ಕಲ್ಲು ಕಾದು ಬೆಳ್ಳಗಾಯಿತೋ ಇನ್ನೂ ಕರ್ರಗಿದೆಯೋ ಎಂದು ಬಗ್ಗಿ ಸಹ ನೋಡಲಿಲ್ಲ. ಹಂದಿ, ಮೀನು, ಕೆಸುವಿನ ಗೆಡ್ಡೆ, ಮರಗೆಣಸು ಎಲ್ಲವನ್ನೂ ಒಟ್ಟಿಗೇ ಹೊಂಡಕ್ಕೆ ಇಳಿಸಿ, ಬಾಳೆ ಎಲೆ ಹೊದಿಸಿ, ಮಣ್ಣೆಳೆದು ಮುಚ್ಚಿ ಹೆಂಡತಿಯ ಬಳಿಗೆ ಓಡಿದ.

ಅವನಿಗಿಂತ ಮೊದಲೇ ಉನಾಯಿಸಿ ಅತ್ತೆ ಅಲ್ಲಿದ್ದಳು. ಈಕೆ ಕೆಲೆಪಿಯ ಸೋದರತ್ತೆ, ಊರ ಯಜಮಾನನ ಹೆಂಡತಿ. ಯಾರ ಮನೆಯ ಮಡಕೆ ಒಡೆದರೂ ಸದ್ದು ಮೊದಲು ಕೇಳುವುದು ಇವಳಿಗೇ.

"ಒದೀತಿಲ್ವಾ? ನಿದ್ದೆ ಮಾಡ್ತಿರುತ್ತೆ ಬಿಡೇ. ಇವನೂ ಹಾಗೇ ಇದ್ದ. ಹುಟ್ಟಿದ ಮೇಲೂ ಎದ್ದಿಲ್ಲ, ಇವತ್ತಿಗೂ ಎದ್ದಿಲ್ಲ."

ಓಡಿಬಂದ ನೆರೆಯ ಹೆಂಗಸರಲ್ಲಿ ಒಬ್ಬಳು ಎಳನೀರು ತಂದಳು. ಇನ್ನೊಬ್ಬಳು ಬೆನ್ನಿಗೆ ತೆಂಗಿನೆಣ್ಣೆ ತಿಕ್ಕಲು ತೋಳೇರಿಸಿದಳು. ಚರ್ಚಿನ ಹಾಡುಗಾರ್ತಿಯರು ಟೊರಿಕಾಳ ಹೊಟ್ಟೆಯ ಸುತ್ತ ಕೂತು ಗಟ್ಟಿಯಾಗಿ ಹಾಡತೊಡಗಿದರು. ಕೆಲೆಪಿಯ ಭಾವಮೈದ ನೆತಾನಿ ಬಾಗಿಲಲ್ಲಿ ಇಣುಕಿ, "ಭಾವ, ಹೊರಗೆ ಬಂದ್ರೆ ನಿನ್ನ ಮುಖ ನೋಡ್ಬೇಕಲ್ಲ ಅಂತ ಹೆದರಿ ಕೂತಿದೆ ಅದು. ನೀನು ಸ್ವಲ್ಪ ಆ ಕಡೆ ಹೋಗು, ತಾನಾಗೇ ಒದಿಯುತ್ತೆ" ಅಂದ. ಬೇರೆ ದಿನವಾಗಿದ್ದರೆ ಕೆಲೆಪಿ ಎರಡರಷ್ಟು ತಿರುಗಿಸಿ ಕೊಡುತ್ತಿದ್ದ. ಇವತ್ತು ಹೆಂಡತಿಯ ಹೊಟ್ಟೆಯನ್ನೇ ನೋಡುತ್ತಾ ನಿಂತ.

ಕೊನೆಗೆ ಟೊರಿಕಾಳೇ ಎದ್ದು ನಿಂತಳು. "ನಂಗೆ ಎಳನೀರೂ ಬೇಡ, ಎಣ್ಣೇನೂ ಬೇಡ, ಹಾಡಂತೂ ಬೇಡವೇ ಬೇಡ. ನರ್ಸ್ ಹತ್ರ ಕರ್ಕೊಂಡ್ಹೋಗಿ!" ಎಂದು ಅತ್ತುಬಿಟ್ಟಳು.

ನರ್ಸ್ ಇರುವುದು ಕೊಲ್ಲಿಯ ಆಚೆ ದಡದಲ್ಲಿ. ನೆತಾನಿ ದೋಣಿ ಇಳಿಸಿದ. ಕರೆಯದೆಯೇ ಉನಾಯಿಸಿ ಅತ್ತೆ ಹತ್ತಿ ನಡುವೆ ಕೂತಳು. ಅರ್ಧ ದಾರಿಯಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನೆತಾನಿ ಹಗ್ಗ ಎಳೆದ, ಬೈದ, ಮತ್ತೆ ಎಳೆದ. ಕೆಲೆಪಿಗೆ ತಡೆಯಲಾಗಲಿಲ್ಲ. "ಹಿಡ್ಕೊಳ್ಳಿ!" ಎಂದು ಕೂಗಿ, ಹಬ್ಬಕ್ಕೆಂದು ಉಟ್ಟಿದ್ದ ಹೊಸ ಸುಲು ಸಮೇತ ಸಮುದ್ರಕ್ಕೆ ಹಾರಿದ. ಇಳಿತದ ಹೊತ್ತು, ನೀರು ಅವನ ಸೊಂಟಕ್ಕೂ ಬರಲಿಲ್ಲ.

"ಹಾರಿದ್ದು ಚೆನ್ನಾಗಿತ್ತು ಭಾವ. ಇನ್ನು ತಳ್ಳು" ಅಂದ ನೆತಾನಿ.

ಕೆಲೆಪಿ ಹವಳದ ದಿಬ್ಬದ ಮೇಲೆ ಎಡವುತ್ತಾ, ಒಂದು ಕಾಲಿನ ಚಪ್ಪಲಿ ಕಳೆದುಕೊಂಡು, ದೋಣಿಯನ್ನು ತಳ್ಳುತ್ತಲೇ ನಡೆದ. ತಳ್ಳುತ್ತಾ ಒಳಗೊಳಗೇ ಬೇಡಿಕೊಂಡ, ದೇವರೇ, ಒಂದು ಮಗು ಕೊಡು ಸಾಕು, ಇನ್ನೇನೂ ಕೇಳಲ್ಲ.

ನರ್ಸ್ ಲೈಸಾನಿ ಮೊದಲು ಬೈದಳು. "ಒದೆಯೋದು ಕಮ್ಮಿ ಆಯ್ತು ಅನ್ನಿಸಿದ ಕೂಡ್ಲೇ ಬರ್ಬೇಕು ಅಂತ ಎಷ್ಟು ಸಲ ಹೇಳಿದ್ದೀನಿ! ಹಾಡು ಹೇಳ್ಕೊಂಡು ಕೂತಿದ್ರಂತೆ, ಹಾಡು!" ಆಮೇಲೆ ಉನಾಯಿಸಿ ಅತ್ತೆಯನ್ನೂ ನೆತಾನಿಯನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿದಳು. ಊರ ಯಜಮಾನನ ಹೆಂಡತಿಯನ್ನು ದಬ್ಬುವ ಧೈರ್ಯ ಆ ಕೊಲ್ಲಿಯಲ್ಲಿ ಇದ್ದದ್ದು ಅವಳೊಬ್ಬಳಿಗೇ.

ಮಗುವಿನ ಎದೆಬಡಿತ ಕೇಳಿಸುವ ಯಂತ್ರವನ್ನು ಹೊಟ್ಟೆಯ ಮೇಲಿಟ್ಟಳು. ಮೊದಲು ಬರೀ ಗೊರಗೊರ ಸದ್ದು. ಟೊರಿಕಾ ಗಂಡನ ಕೈಯನ್ನು ಮುರಿಯುವಂತೆ ಹಿಡಿದಿದ್ದಳು. ಆಮೇಲೆ ಹೊಲಿಗೆ ಯಂತ್ರ ಓಡಿದ ಹಾಗೆ ಟಕಟಕಟಕ ಎಂದು ಕೇಳಿಸಿತು. ಕೆಲೆಪಿ ನೆಲದ ಮೇಲೇ ಕುಸಿದು ಕೂತು, ಒದ್ದೆ ಸುಲುವಿನ ಅಂಚಿನಿಂದ ಕಣ್ಣೊರೆಸಿಕೊಂಡ. ಅಷ್ಟು ಚೆಂದದ ಸದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ನರ್ಸ್ ಮಾತ್ರ ಹುಬ್ಬು ಗಂಟಿಕ್ಕಿ ಯಂತ್ರವನ್ನು ಇನ್ನೊಂದು ಪಕ್ಕಕ್ಕೆ ಸರಿಸಿದಳು. ಅಲ್ಲೂ ಟಕಟಕ.

"ಇದು ಬೇರೆ" ಅಂದಳು.

"ಬೇರೆ ಏನು?" ಅಂದ ಕೆಲೆಪಿ.

"ಬೇರೆ ಮಗು. ಎರಡಿವೆ. ಆವತ್ತು ಬಿರುಗಾಳಿ ಅಂತ ಸ್ಕ್ಯಾನಿಂಗಿಗೆ ಹೋಗ್ಲಿಲ್ವಲ್ಲ, ಅದಕ್ಕೇ ಗೊತ್ತಾಗಿಲ್ಲ. ಒಂದರ ಹಿಂದೆ ಒಂದು ಅಡಗಿ ಕೂತಿದೆ."

ಆಮೇಲೂ ತುಂಬಾ ಹೊತ್ತು ಅವಳು ಟೊರಿಕಾಳನ್ನು ಮಲಗಿಸಿಕೊಂಡು ನೋಡಿದಳು. ಒಂದು ಒದ್ದಿತು, ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಒದ್ದಿತು. ಸೋಮವಾರದ ಹಡಗಿಗೆ ರಾಜಧಾನಿ ಸುವಾಕ್ಕೆ ಹೋಗಿ ಹೆರಿಗೆ ಆಗುವವರೆಗೆ ದೊಡ್ಡಾಸ್ಪತ್ರೆಯ ಹತ್ತಿರವೇ ಇರಬೇಕು, ಅಷ್ಟರೊಳಗೆ ಮತ್ತೆ ಒದೆತ ಕಡಿಮೆ ಅನ್ನಿಸಿದರೆ ಆ ಗಳಿಗೆಯಲ್ಲೇ ಬರಬೇಕು ಎಂದು ಹೇಳಿ ಕಳಿಸಿದಳು.

"ಎಲ್ಲಾರ್ಗೂ ಸಂಜೆ ಊಟದಲ್ಲಿ ಹೇಳೋಣ. ಅತ್ತೆಗೆ ಈಗ್ಲೇ ಹೇಳಿದ್ರೆ ನಾವು ಹೇಳೋಕೆ ಏನೂ ಉಳಿಯಲ್ಲ" ಎಂದು ಟೊರಿಕಾ ಪಿಸುಗುಟ್ಟಿದಳು. ಸರಿಹೋದ ಎಂಜಿನ್ನಿನ ದೋಣಿಯಲ್ಲಿ ಕೆಲೆಪಿ ಬಾಯಿ ಬಿಗಿದುಕೊಂಡು ನಗುತ್ತಾ ಬಂದ. ಮಗು ಚೆನ್ನಾಗಿದೆ ಎಂದಷ್ಟೇ ತಿಳಿದ ಅತ್ತೆ, "ನಾನು ಹೇಳ್ಲಿಲ್ವಾ?" ಎಂದು ದಡ ಮುಟ್ಟುವ ತನಕ ಹೇಳುತ್ತಲೇ ಇದ್ದಳು.

ಊರಲ್ಲಿ ನೋಡಿದರೆ ಜನರೆಲ್ಲ ಹೊಂಡದ ಸುತ್ತ ಸಾವಿನ ಮನೆಯವರಂತೆ ನಿಂತಿದ್ದರು. ಬಾಳೆ ಎಲೆ ತೆಗೆದಿದ್ದರು. ಹಂದಿ ಹಸಿಹಸಿಯಾಗಿ ಬಿದ್ದಿತ್ತು. ಕೆಸುವಿನ ಗೆಡ್ಡೆ ಎಸೆದರೆ ತಲೆ ಒಡೆಯುವಷ್ಟು ಗಟ್ಟಿಯಾಗಿತ್ತು.

"ಕೆಲೆಪಿ ಲೋವೋ ಬೇಯಲಿಲ್ಲ" ಅಂದ ಊರ ಯಜಮಾನ, ನಂಬಲಾಗದವನಂತೆ.

ಹಾಗೆಂದರೇನು ಎಂದು ಊರಲ್ಲಿ ಎಲ್ಲರಿಗೂ ಗೊತ್ತು. ಊರಲ್ಲೊಬ್ಬಳು ಬಸುರಿಯಾಗಿ ಅದನ್ನು ಬಚ್ಚಿಟ್ಟರೆ ಬಲೆಗೆ ಮೀನು ಬೀಳುವುದಿಲ್ಲ, ಲೋವೋ ಬೇಯುವುದಿಲ್ಲ.

ಉನಾಯಿಸಿ ಅತ್ತೆ ದೋಣಿಯಿಂದ ಇಳಿದವಳೇ ವಿಚಾರಣೆಗೆ ಕೂತಳು. "ಯಾರೇ ಅದು? ಈಗ್ಲೇ ಹೇಳ್ಬಿಡಿ, ನಾನೇನೂ ಅನ್ನಲ್ಲ!" ಅವಳು ಏನೂ ಅನ್ನದೆ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಹುಡುಗಿಯರು ಒಬ್ಬರ ಹಿಂದೊಬ್ಬರು ಅಡಗಿದರು. ಹಲ್ಲಿಲ್ಲದ ಮುದುಕಿಯೊಬ್ಬಳು, "ನನ್ನ ಯಾಕೆ ಯಾರೂ ಕೇಳ್ತಿಲ್ಲ?" ಎಂದು ಮುನಿಸಿಕೊಂಡಳು. ಹಾಗೆ ಸುತ್ತಿ ಸುತ್ತಿ ಎಲ್ಲರ ಕಣ್ಣು ಬಂದು ನಿಂತದ್ದು ಹೊಸ ಪಾದ್ರಿಯ ಹೆಂಡತಿಯ ಮೇಲೆ. ದುಂಡಗಿನ, ಸಡಿಲ ಉಡುಪಿನ ಆ ಎಳೆ ಹೆಂಗಸು ತಲೆ ತಗ್ಗಿಸಿದಳು. ಪಾದ್ರಿಯ ಮುಖ ಬೆಳ್ಳಗಾಯಿತು.

ಬಂದ ದಿನವೇ ಅತಿಥಿಗೆ ಹೀಗೆ ಅವಮಾನವೇ? ಕೆಲೆಪಿಗೆ ನೋಡಲಾಗಲಿಲ್ಲ. "ತಪ್ಪು ನಂದು!" ಎಂದು ಕೂಗಿದ. "ಕಲ್ಲು ಕಾದಿರಲಿಲ್ಲ. ಗಾಬರೀಲಿ ಹಾಗೇ ಮುಚ್ಚಿ ಓಡಿದೆ."

ಎಲ್ಲರೂ ನಕ್ಕರು. "ನಿನ್ನ ಲೋವೋ ಕೆಟ್ರೆ ಸಮುದ್ರ ಬತ್ತುತ್ತೆ ಅಂದೋನು ನೀನೇ" ಅಂದ ಯಜಮಾನ. "ನೋಡು, ಅಲ್ಲೇ ಇದೆ ಸಮುದ್ರ."

"ಭಾವ, ಸುಳ್ಳನ್ನೂ ಹೀಗೆ ಹಸೀದೇ ಬಡಿಸ್ತೀಯಲ್ಲ" ಅಂದ ನೆತಾನಿ.

ಟೊರಿಕಾ ಮುಂದೆ ಬಂದಳು. "ಅವರನ್ನ ಯಾಕೆ ನೋಡ್ತೀರಿ? ನನ್ನ ಹೊಟ್ಟೇಲಿ ಎರಡಿವೆ. ಒಂದು ಅಡಗಿ ಕೂತಿತ್ತು."

ಆಗ ಎದ್ದ ಕೇಕೆಗೆ ಕೋಳಿಗಳೆಲ್ಲ ಮರ ಹತ್ತಿದವು. ಉನಾಯಿಸಿ ಅತ್ತೆ ಟೊರಿಕಾಳನ್ನು ತಬ್ಬಿ ಗೊಳೋ ಎಂದು ಅತ್ತಳು, ಮೂಗು ಒರೆಸಿಕೊಂಡಳು, ಅದೇ ಉಸಿರಿನಲ್ಲಿ ಅಳಿಯನ ಕಡೆ ತಿರುಗಿದಳು.

"ಹಾಗಾದ್ರೆ ಬಚ್ಚಿಟ್ಟೋನು ನೀನು!"

"ನಮ್ಗೇ ಗೊತ್ತಿರ್ಲಿಲ್ಲ ಅತ್ತೆ!"

"ಗೊತ್ತಾದ್ಮೇಲೆ ದೋಣೀಲಿ ನನ್ನ ಪಕ್ಕದಲ್ಲೇ ಕೂತಿದ್ಯಲ್ಲ, ಬಾಯಿ ಬಿಟ್ಯಾ?"

ಅಲ್ಲಿಗೆ ತೀರ್ಪಾಯಿತು. ನಾಳೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಇಡೀ ಊರಿಗೆ ಕೆಲೆಪಿಯದೇ ಊಟ, ಕೆಲೆಪಿಯದೇ ಹಂದಿ. ಮಗುವಿನ ಹಬ್ಬಕ್ಕೆಂದು ಮರಿಯಿಂದ ಸಾಕಿದ್ದ ಹಂದಿ ಅದೊಂದೇ. ಆ ಸಂಜೆ ಪಾದ್ರಿಗೆ ಡಬ್ಬಿ ಮೀನು, ಬಿಸ್ಕತ್ತಿನಲ್ಲೇ ಸ್ವಾಗತವಾಯಿತು.

ಸೂರ್ಯ ಮುಳುಗುವ ಹೊತ್ತಿಗೆ ಕೆಲೆಪಿ ಹಂದಿಯ ಬೆನ್ನು ಕೆರೆಯುತ್ತಾ ಅದರ ಬಳಿ ಕ್ಷಮೆ ಕೇಳುತ್ತಿದ್ದ. ಹೋದರೆ ಹೋಗಲಿ, ಎರಡು ಮಕ್ಕಳು ಬಂದವಲ್ಲ. ನಾಳೆ ಕಲ್ಲನ್ನು ಹಾಲಿನ ಹಾಗೆ ಬೆಳ್ಳಗಾಗುವ ತನಕ ಕಾಯಿಸಿ, ಹೋದ ಮಾನವನ್ನು ವಾಪಸ್ಸು ತರುತ್ತೇನೆ ಎಂದುಕೊಂಡ. ಆಗ ಪಾದ್ರಿಯ ಹೆಂಡತಿ ಅತ್ತಿತ್ತ ನೋಡುತ್ತಾ ಬಂದಳು.

"ನೀವು ಇವತ್ತು ನನ್ನ ಮಾನ ಉಳಿಸಿದ್ರಿ, ಕೆಲೆಪಿ ಅಣ್ಣ. ನಿಮ್ಮ ಹತ್ರ ಮುಚ್ಚಿಡೋಕೆ ಮನಸ್ಸು ಒಪ್ತಿಲ್ಲ. ನಂಗೀಗ ಮೂರು ತಿಂಗಳು."

ಕೆಲೆಪಿಯ ಕೈ ಹಂದಿಯ ಬೆನ್ನ ಮೇಲೇ ನಿಂತಿತು.

"ನಮ್ಮತ್ತೆಗೇ ಮೊದಲು ಹೇಳ್ಬೇಕು. ಅವರು ಬರೋದು ಮುಂದಿನ ತಿಂಗಳು. ಅಲ್ಲೀವರೆಗೂ ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ" ಎಂದವಳೇ ಕತ್ತಲಾಗುತ್ತಿದ್ದ ದಾರಿಯಲ್ಲಿ ಸರಸರ ಹೊರಟುಬಿಟ್ಟಳು.

ಕಲ್ಲು ಕಾದಿರಲಿಲ್ಲ ಎಂದು ಕೆಲೆಪಿಗೆ ಬೆಳಿಗ್ಗೆಯಿಂದ ಖಚಿತವಾಗಿ ಗೊತ್ತಿತ್ತು. ಈಗ ಅದೂ ಗೊತ್ತಾಗದೆ ಹೋಯಿತು. ಒಂದು ಮಾತಂತೂ ನಿಜ, ನಾಳೆ ಕಲ್ಲು ಎಷ್ಟೇ ಬೆಳ್ಳಗಾದರೂ, ಈ ಗುಟ್ಟು ಬಚ್ಚಿಟ್ಟಿರುವ ತನಕ...

"ಅಮ್ಮಾ! ನಿಲ್ಲಿ!" ಎಂದು ಅವನು ಬೇಲಿ ಹಾರಿ ಕೂಗಿದ. "ಮುಂದಿನ ತಿಂಗಳಲ್ಲ, ನಾಳೆ ಬೆಳಿಗ್ಗೇನೇ ಎಲ್ಲಾರ್ಗೂ ಹೇಳ್ಬಿಡಿ!"

ಪಾದ್ರಿಯ ಹೆಂಡತಿ ತಿರುಗಿ ನೋಡಲಿಲ್ಲ. ಪಕ್ಕದ ಮನೆಯ ಕಿಟಕಿ ಮಾತ್ರ ದಡಾರನೆ ತೆರೆಯಿತು.

"ಏನೋ ಅದು ಎಲ್ಲಾರ್ಗೂ ಹೇಳೋದು?" ಉನಾಯಿಸಿ ಅತ್ತೆಯ ದನಿ ಊರ ಆಚೆ ತುದಿಗೂ ಕೇಳಿಸಿತು. "ಮೂರನೇದೂ ಒಂದಿದೆಯೇನೋ?"