ಗಂಟು ಕಟ್ಟಿದ ಬಿಸಿಲು

ಸವಣೂರಿನ ಬಿಸಿಲನ್ನು ಧೋತರದಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಹಾನಗಲ್ಲಿಗೆ ಒಯ್ದು ನಮ್ಮ ಅಕ್ಕ ಕರೆವ್ವನ ಕೈಗೆ ಕೊಟ್ಟವನು ನಾನು. ಗಂಟು ಬಿಚ್ಚಿದಾಗ ಅವಳ ಅಡಿಗೆಮನೆ ಎಂಥ ಬೆಳಗು ಬೆಳಗಿತೆಂದರೆ, ಓಣಿಯ ಕೋಳಿಗಳೆಲ್ಲ ದೀಪ ಹಚ್ಚುವ ಹೊತ್ತಿನಲ್ಲಿ ಕೂಗಿದವು. ನಗುವವರು ನಗಲಿ. ನೀಲಪ್ಪ ಇಲ್ಲದ್ದನ್ನು ಹೇಳುವವನಲ್ಲ. ಇದ್ದದ್ದನ್ನು ತುಸು ಕೈಬಿಚ್ಚಿ ಬಡಿಸುವವನು, ಅಷ್ಟೆ.

ಬಿಸಿಲು ಎಲ್ಲ ಕಡೆ ಇರುತ್ತದೆ, ಒಪ್ಪೋಣ. ಹಾನಗಲ್ಲಿಗೆ ಅದು ಮೋಡದಲ್ಲಿ ಸೋಸಿ ಬರುತ್ತದೆ. ಹಿರೇಕೆರೂರಿಗೆ ಬರುವ ಹೊತ್ತಿಗೆ ದಾರಿಯ ಕೆರೆಗಳಲ್ಲೆಲ್ಲ ಮುಳುಗಿ ಎದ್ದು ತಣ್ಣಗಾಗಿರುತ್ತದೆ. ಶಿಗ್ಗಾಂವಿಯದು ಪರವಾಗಿಲ್ಲ. ಆದರೆ ಸೂರ್ಯ ತನ್ನ ಅಸಲಿ ಮಾಲು ಇಳಿಸುವುದು ನಮ್ಮ ಸವಣೂರಿನಲ್ಲಿಯೇ. ಬೇಸಿಗೆಯಲ್ಲಿ ನಮ್ಮ ಓಣಿಯ ನೆರಳು ಕೂಡ ನೆರಳು ಹುಡುಕಿಕೊಂಡು ಹೋಗುತ್ತದೆ.

ಈ ಮಾಲಿನ ಕಿಮ್ಮತ್ತು ನಮಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಮುನಸೀಫ ಸುಬ್ಬಕೃಷ್ಣಯ್ಯನವರು. ರಾಜ್ಯ ಒಂದಾದ ಹೊಸತು; ಆ ಕಡೆಯ ಅಧಿಕಾರಿಗಳನ್ನು ಈ ಕಡೆಗೆ, ಈ ಕಡೆಯವರನ್ನು ಆ ಕಡೆಗೆ ಎತ್ತಿ ಹಾಕುತ್ತಿದ್ದ ಕಾಲ. ಇವರು ಮಡಿಕೇರಿಯಿಂದ ಬಂದರು. ಅಲ್ಲಿ ಅವರ ಕರೀ ಕೋಟು ವರ್ಷಕ್ಕೆ ಎಂಟು ತಿಂಗಳು ಹಸಿರು ಕೋಟಾಗಿರುತ್ತಿತ್ತಂತೆ, ಬೂಟಿನಲ್ಲಿ ಅಣಬೆ ಏಳುತ್ತಿದ್ದವಂತೆ. ಮೊಣಕಾಲು ಮಡಚಿದರೆ ಹಳೇ ಅಗಸೀ ಬಾಗಿಲಿನ ಸಪ್ಪಳ. ಬೇರೆ ಅಧಿಕಾರಿಗಳು ಸವಣೂರಿಗೆ ವರ್ಗವಾಯಿತೆಂದರೆ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಇವರು ಹೆಂಡತಿ ಮಕ್ಕಳನ್ನು ಪರೀಕ್ಷೆ ಮುಗಿಸಿಕೊಂಡು ಬನ್ನಿ ಎಂದು ಬಿಟ್ಟು, ಒಂದು ಆರಾಮ ಕುರ್ಚಿ, ಒಂದು ದೊಡ್ಡ ಟೋಪಿ, ಒಂದು ಶೀಷೆ ಎಳ್ಳೆಣ್ಣೆ ಕೊಂಡು ಓಡಿ ಬಂದರು. ರವಿವಾರಕ್ಕೊಮ್ಮೆ ಬಿಸಿಲಿನಲ್ಲಿ ಬಿದ್ದುಕೊಂಡು ಏನೂ ಮಾಡದೆ ಇರುವುದು ಅವರ ಬಾಳಿನ ಆಸೆ.

ಮನುಷ್ಯ ಮೆತ್ತಗೆ, ಕೋರ್ಟಿನಲ್ಲಿ ಮಾತ್ರ ಕಬ್ಬಿಣ. ಸುಳ್ಳು ಸಾಕ್ಷಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಕಟಕಟೆಯಲ್ಲಿ ನಿಂತವನು ತುಸು ತಡವರಿಸಿದರೆ ಸಾಕು, "ಕಂಡಿದ್ದರೆ ಕಂಡೆ ಅನ್ನು, ಕಾಣದಿದ್ದರೆ ಕಾಣಲಿಲ್ಲ ಅನ್ನು" ಎಂದು ಗದರುತ್ತಿದ್ದರು. ಈ ಮಾತು ಒಂದೇ ವಾರದಲ್ಲಿ ಊರಿನಲ್ಲೆಲ್ಲ ಹಬ್ಬಿ, ಹಾಲಿನವಳಿಗೆ ಕೂಡ ಗಿರಾಕಿಗಳು ಇದನ್ನೇ ಅನ್ನತೊಡಗಿದ್ದರು.

ಮೊದಲ ರವಿವಾರ ನಸುಕಿನಲ್ಲಿ ಕೋರ್ಟಿನ ಪಟ್ಟೇವಾಲ ದಸ್ತಗೀರಸಾಬ ಕುರ್ಚಿಯನ್ನು ಏಣಿಯ ಮೇಲಿಂದ ಮಾಳಿಗೆಗೆ ಏರಿಸಿದ. ನಮ್ಮ ಓಣಿಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಒಬ್ಬರ ಮನೆ ಹತ್ತಿದರೆ ಓಣಿಯನ್ನೆಲ್ಲ ತಲೆಯ ಮೇಲಿಂದಲೇ ತಿರುಗಾಡಬಹುದು. ಮುನಸೀಫರ ಬಲಕ್ಕೆ ಸಿದ್ದವ್ವನ ಮನೆ, ಅದರಾಚೆ ನನ್ನದು.

"ಸಾಹೇಬ್ರ, ಬಿಸಲಾಗ ಕುಂದ್ರಸೂದು ನಮ್ಮ ಕಡೆ ಶಿಕ್ಷಾರಿ," ಎಂದ ದಸ್ತಗೀರಸಾಬ. "ನಿಮಗ ಶಿಕ್ಷಾ ಕೊಟ್ಟಾವ್ರು ಯಾರು?"

ಅವರು ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿ ಕುಳಿತರು. ಅಷ್ಟರಲ್ಲಿ ಸೂರ್ಯ ಎದ್ದ. ನಮ್ಮೂರಲ್ಲಿ ಅವನು ಗುಡ್ಡದ ಹಿಂದಿನಿಂದ ಇಣುಕಿ ನೋಡಿ ಬರುವವನಲ್ಲ. ಬಯಲಿನ ಅಂಚಿಗೆ ಕೈಯೂರಿ ಒಮ್ಮೆಲೇ ಮೇಲೇಳುತ್ತಾನೆ. ಮಾಳಿಗೆಗಳೆಲ್ಲ ತಾಮ್ರದ ಅಗಲ ಪರಾತಗಳಾದವು. ದೂರದ ಎಲೆತೋಟ, ಮಸೀದಿಯ ಮಿನಾರು, ಹುಣಸೆಯ ತುದಿಯ ಗೂಡು, ಗೂಡಿನಲ್ಲಿದ್ದ ಹದ್ದಿನ ರೆಪ್ಪೆ, ಎಲ್ಲ ಕಂಡವು. ಮುನಸೀಫರು ತಮ್ಮ ಅರಿವಿಲ್ಲದೆ ಎದ್ದು ನಿಂತರು. ಕೋರ್ಟಿನಲ್ಲಿ ಜನ ಅವರಿಗಾಗಿ ಎದ್ದು ನಿಲ್ಲುವ ಹಾಗೆ. ಬಹಳ ಹೊತ್ತು ಹಾಗೇ ನಿಂತಿದ್ದು, "ಇಷ್ಟೂ ಬಿಟ್ಟಿಯೇನಯ್ಯಾ?" ಎಂದರು. ಆ ಮಾತು ಕೇಳಿ ದಸ್ತಗೀರಸಾಬ ಕೂಡ ಜನ್ಮದಲ್ಲಿ ಮೊದಲ ಸಲ ಸೂರ್ಯನ ಕಡೆ ತಿರುಗಿ ನೋಡಿದನಂತೆ.

ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಟೋಪಿ ಮೂಗಿನ ಮೇಲೆ ಎಳೆದುಕೊಂಡು ಅವರು ಕುರ್ಚಿಗೆ ಒರಗಿದ್ದೇ ತಡ, ಸಿದ್ದವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ಮದುವೆಯ ಪಂಕ್ತಿಗೆಂದು ಓಣಿಯ ಹೆಂಗಸರೆಲ್ಲ ಸೇರಿ ಲಟ್ಟಿಸಿದ ಉದ್ದಿನ ಹಪ್ಪಳ. ಅವಳ ತವರಿನ ಹಿತ್ತಾಳೆ ಬಟ್ಟಲಿನಿಂದ ಕೊರೆದವು; ಬಟ್ಟಲಿನ ಅಂಚು ಒಂದು ಕಡೆ ಜಜ್ಜಿದ್ದರಿಂದ ಪ್ರತಿ ಹಪ್ಪಳಕ್ಕೂ ಇಲಿ ಕಚ್ಚಿದಂಥ ಗುರುತು. ಧೋತರ ಹಾಸಿ ಹಪ್ಪಳ ಹರವಿ, ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರೆ ಎದುರಿಗೆ ಒಬ್ಬ ಗಂಡಸು ಸುಮ್ಮನೆ ಕುಳಿತಿದ್ದಾನೆ. ಕೆಲಸವಿಲ್ಲದೆ ಬಿಸಿಲಿನಲ್ಲಿ ಕುಳಿತ ಗಂಡಸನ್ನು ನಮ್ಮ ಓಣಿಯ ಹೆಂಗಸರು ಒಂದೇ ಕಾರಣಕ್ಕೆ ನೋಡಿದ್ದರು.

"ಸಾಹೇಬ್ರ, ಹೆಂಗೂ ಖಾಲಿ ಕುಂತೀರಿ. ಕಾಗಿ ಬಂದ್ರ ಹುಶ್ ಅನ್ರಿ. ಮದುವಿ ಹಪ್ಪಳ, ಒಂದು ಹೋದ್ರೂ ಬೀಗರ ಮುಂದ ಮಾನ ಹೊಕ್ಕೈತಿ."

"ಆಗಲಿ ಬಿಡೀಮ್ಮ, ನೋಡ್ಕೋತೀನಿ," ಎಂದರು ಮುನಸೀಫರು. ಅವರಿಗೆ ಇಲ್ಲವೆನ್ನಲು ಕೋರ್ಟು ಬೇಕು, ಮಾಳಿಗೆಯ ಮೇಲೆ ಬರುತ್ತಿರಲಿಲ್ಲ.

ಕಾಗೆಗಳು ಬಂದವು. ಮುನಸೀಫರು ಅವುಗಳಿಗೆ, "ಹೋಗಿ, ದಯವಿಟ್ಟು ಆ ಕಡೆ ಹೋಗಿ" ಎಂದರು. ಸವಣೂರಿನ ಕಾಗೆಗಳಿಗೆ ಜನ್ಮದಲ್ಲಿ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅವು ಬಂಧು ಬಳಗವನ್ನೆಲ್ಲ ಕರೆದವು. ಕೊನೆಗೆ ಟೋಪಿ ಬೀಸುತ್ತ ಒಂದು ಮುದಿ ಕಾಗೆಯ ಬೆನ್ನು ಹತ್ತಿದವರು, ಸಿದ್ದವ್ವನ ಅಡಿಗೆಮನೆಗೆ ಬೆಳಕು ಬರಲೆಂದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯನ್ನು ನೋಡಲಿಲ್ಲ. ಒಂದು ಕಾಲು ತೊಡೆಯ ತನಕ ಇಳಿಯಿತು. ಕೆಳಗೆ ಸಿದ್ದವ್ವ ಸಂಡಿಗೆ ಹಿಟ್ಟು ತಿರುವುತ್ತಿದ್ದಳು. ಮೇಲಿನಿಂದ ಎಣ್ಣೆ ಹಚ್ಚಿದ ಕಾಲೊಂದು ಇಳಿದು, ಹೆಬ್ಬೆರಳು ಆಡಿಸಿ, ಚಪ್ಪಲಿಯನ್ನು ಹಿಟ್ಟಿನ ಪಾತೇಲಿಯಲ್ಲಿ ಬಿಟ್ಟಿತು. ಅವಳು ಚೀರಿದ್ದು ಶಿಗ್ಗಾಂವಿಯ ಸಂತೆಗೆ ಕೇಳಿಸಿತು.

ಜಗಳವಾಗಬೇಕಿತ್ತು. ಆಗಿದ್ದು ಅದರ ಉಲ್ಟಾ. ಹಪ್ಪಳಕ್ಕಾಗಿ ಕಾಲು ಕೊಟ್ಟ ಮುನಸೀಫರನ್ನು ಓಣಿ ಯಾವತ್ತು ನೋಡಿತ್ತು? "ಕಾಲ ಹೋದ್ರೂ ಹಪ್ಪಳ ಬಿಡ್ಲಿಲ್ಲಂತ" ಎಂಬ ಸುದ್ದಿ ಮನೆಯಿಂದ ಮನೆಗೆ ಹೋಯಿತು. ಅರ್ಧ ತಾಸಿನಲ್ಲಿ ಓಣಿಯ ಸಾಮಾನೆಲ್ಲ ಮಾಳಿಗೆ ಹತ್ತಿತು. ಮುದಕವ್ವ ಎಂಬ ಮುದುಕಿ ಮೂಟೆಗಟ್ಟಲೆ ಮೆಣಸಿನಕಾಯಿ ತಂದು ಸುರಿದಳು. ಹಿಂದೆ ಶಾವಿಗೆ, ಅರಳ ಸಂಡಿಗೆ, ಹುಣಸೆಹಣ್ಣು, ಸೀಗೆಕಾಯಿ, ಯಾರದೋ ಬಾಣಂತಿಯ ಗಾದಿ. ತಂದವರೆಲ್ಲ ಮುನಸೀಫರಿಗೆ ಕೈ ಮುಗಿದು, ಅವರ ಸುತ್ತ ಹರವಿ ಇಳಿದು ಹೋದರು. ಎಲ್ಲ ಮುಗಿದಾಗ ಕುರ್ಚಿಯಿಂದ ಏಣಿಯ ತನಕ ಹೆಜ್ಜೆ ಇಡುವಷ್ಟು ಜಾಗ ಉಳಿದಿರಲಿಲ್ಲ. ಸಮುದ್ರದ ನಡುವೆ ನಡುಗಡ್ಡೆಯ ಹಾಗೆ ಮುನಸೀಫರು. ದಸ್ತಗೀರಸಾಬ ಏಣಿಯ ತುದಿಯಲ್ಲಿ ನಿಂತು ಊಟವನ್ನು ಉದ್ದನೆಯ ಗಳಕ್ಕೆ ತೂಗುಹಾಕಿ ದಾಟಿಸಿದ.

ಸೂರ್ಯ ನೆತ್ತಿಗೆ ಬಂದ. ಮೆಣಸಿನಕಾಯಿಯ ಘಾಟು ಏರಿತು. ಮುನಸೀಫರು ಸೀನಿದರು, ಬೆವರಿದರು, ಛತ್ರಿ ಬಿಚ್ಚಿದರು, ಕೆಂಪಗಾದರು, ಕಂದಿದರು. ಏನೂ ಮಾಡದೆ ಇರಬೇಕೆಂದು ಬಂದವರು ಇಡೀ ಓಣಿಯ ಸಂಸಾರ ಕಾಯುತ್ತಿದ್ದರು. ಇಳಿಹೊತ್ತಿಗೆ ಛತ್ರಿ ವಾಲಿತು, ಗದ್ದ ಎದೆಗೆ ತಾಗಿತು.

ಸಂಜೆ ಸಿದ್ದವ್ವ ಮೇಲೆ ಬಂದಾಗ, ನನ್ನ ಮಾಳಿಗೆಯ ಕಡೆಗಿದ್ದ ಅವಳ ಧೋತರವೂ ಇರಲಿಲ್ಲ, ಅದರ ಮೇಲಿನ ಹಪ್ಪಳವೂ ಇರಲಿಲ್ಲ.

ಓಣಿ ಮಾಳಿಗೆಯ ಮೇಲೆ ನೆರೆಯಿತು. ಸಿದ್ದವ್ವ ಅಳಲಿಲ್ಲ, ಬರಿದಾದ ಜಾಗದ ಮುಂದೆ ಸುಮ್ಮನೆ ಕುಳಿತಳು. ಅದನ್ನು ನೋಡಲಾರದೆ ನಾನು ಸಾಕ್ಷಿ ನುಡಿದೆ. ಅಂದು ಹೇಳಿದ್ದನ್ನು ಇಲ್ಲಿ ತುಸು ಕಡಿಮೆ ಮಾಡಿಯೇ ಬರೆಯುತ್ತೇನೆ. ಹಿರೇಬೆಂಡಿಗೇರಿಯ ಕಡೆಯಿಂದ ಸುಂಟರಗಾಳಿಯೊಂದು ಕಂಬದ ಹಾಗೆ ಎದ್ದು ಬಂತು, ತುದಿ ಮೋಡಕ್ಕೆ ತಾಗಿತ್ತು. ಅದು ಸಿದ್ದವ್ವನ ಧೋತರವನ್ನು ನಾಲ್ಕೂ ಮೂಲೆ ಹಿಡಿದು ಎತ್ತಿತು. ಹಪ್ಪಳಗಳು ಬೆಳ್ಳಕ್ಕಿಯ ಹಿಂಡಿನಂತೆ ಸಾಲುಗಟ್ಟಿ, ಸೂರ್ಯನನ್ನು ಒಂದು ಸುತ್ತು ಹಾಕಿ, ಹಾನಗಲ್ಲಿನ ದಿಕ್ಕಿಗೆ ಹಾರಿ ಹೋದವು.

ಓಣಿಯ ತಲೆಗಳೆಲ್ಲ ಹಾನಗಲ್ಲಿನ ದಿಕ್ಕಿಗೆ ತಿರುಗಿದವು. ಮುದಕವ್ವ ಮಾತ್ರ ಕೇಳಿದಳು: "ನನ್ನ ಮೆಣಸಿನಕಾಯಿ ಯಾಕ ಬಿಡ್ತು ಗಾಳಿ?"

"ಗಾಳಿಗೆ ಖಾರ ತಡಿಯಂಗಿಲ್ಲ, ಆಯಿ," ಎಂದೆ.

ಸಿದ್ದವ್ವ ನನ್ನನ್ನು ನಂಬಲಿಲ್ಲ. ನನ್ನನ್ನು ನಂಬುವ ಚಟ ಓಣಿಯಲ್ಲಿ ಯಾರಿಗೂ ಇಲ್ಲ. ಅವಳು ಕುರ್ಚಿಯ ಕಡೆಗೆ ತಿರುಗಿ, "ಸಾಹೇಬ್ರ, ನೀವು ಇಲ್ಲೇ ಇದ್ರಿ. ನೀವು ಕಂಡ್ರೇನು?" ಎಂದು ಕೇಳಿದಳು.

ಕಾಣಲಿಲ್ಲ ಎಂದರೆ ಮಲಗಿದ್ದೆ ಎಂದಾಗುತ್ತದೆ. ಮದುವೆಯ ಹಪ್ಪಳ ಕಾಯಲು ಒಪ್ಪಿಕೊಂಡು ಮಲಗಿದವನು ನ್ಯಾಯ ಹೇಗೆ ಕಾಯುತ್ತಾನೆ? ಓಣಿಯ ಕಣ್ಣೆಲ್ಲ ಅವರ ಮೇಲಿತ್ತು. ಮುನಸೀಫರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು, ಒಮ್ಮೆ ಆಕಾಶ ನೋಡಿದರು.

"ಕಂಡೆ," ಎಂದರು, ಕಟಕಟೆಯಲ್ಲಿ ನಿಂತವರ ದನಿಯಲ್ಲಿ. "ದೊಡ್ಡ ಗಾಳಿ."

ಮುಗಿಯಿತು. ಮುನಸೀಫರೇ ಕಂಡರೆಂದ ಮೇಲೆ ಅದು ದೈವದ ಕೆಲಸವೇ. ಹೆಂಗಸರು ಹಾನಗಲ್ಲಿನ ದಿಕ್ಕಿಗೆ ಕೈ ಮುಗಿದರು. ಸೂರ್ಯನಿಗೆ ಪ್ರದಕ್ಷಿಣೆ ಹಾಕಿದ ಹಪ್ಪಳದ ಮನೆಗೆ ತಮ್ಮದೂ ಸೇರಲೆಂದು ಎಲ್ಲರೂ ಸಿದ್ದವ್ವನಿಗೆ ಒಂದೊಂದು ಬುಟ್ಟಿ ಹಪ್ಪಳ ಕೊಟ್ಟರು. ನಾನು ಸಂಜೆಯ ಬಸ್ಸು ಹಿಡಿದು ಹಾನಗಲ್ಲಿಗೆ ಹೋದೆ. ಗಂಟಿನ ಸಂಗತಿ ಮೊದಲೇ ಹೇಳಿದ್ದೇನೆ.

ಮದುವೆಯ ದಿನ ಹಂದರದಲ್ಲಿ ಮುನಸೀಫರಿಗೆ ಮೊದಲ ಸಾಲು. ಬೀಗರಿಗೆಲ್ಲ ಸುಂಟರಗಾಳಿಯ ಕತೆ ತಲುಪಿತ್ತು. ಕಂಡ ಪುಣ್ಯವಂತರನ್ನು ನೋಡಲು ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಅಷ್ಟರಲ್ಲಿ ಹಾನಗಲ್ಲಿನಿಂದ ನಮ್ಮ ಅಕ್ಕ ಕರೆವ್ವ ಬಂದಳು. ಅವಳೂ ಸಿದ್ದವ್ವನೂ ಚಿಕ್ಕಂದಿನ ಗೆಳತಿಯರು, ಬರಿಗೈಲಿ ಬಂದಾಳೇ?

"ನಮ್ಮೂರಾಗ ಹಪ್ಪಳಕ್ಕ ಬಿಸಲ ಸಾಲಂಗಿಲ್ಲಂತ ಗೋಳಾಡಿದ್ದೆ," ಎಂದಳು ಅಕ್ಕ. "ಸವಣೂರ ಬಿಸಲ ಗಂಟ ಕಟ್ಟಿ ತರ್ತೇನಿ ಅಂದಿದ್ದ ನಮ್ಮ ನೀಲ್ಯಾ. ಮಾತಿನಂಗ ತಂದ ನೋಡು. ನಾ ಒಬ್ಬಾಕಿ ಹೆಂಗ ತಿನ್ಲಿ ಅಂತ ನಿನಗ ತಂದೆ."

ಬುಟ್ಟಿಯ ಬಟ್ಟೆ ಸರಿಸಿದಳು. ಸಿದ್ದವ್ವ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಇಲಿ ಕಚ್ಚಿದ ಗುರುತು. ಒಳಗೆ ಹೋಗಿ ಹಿತ್ತಾಳೆ ಬಟ್ಟಲು ತಂದು ಅದರ ಬಾಯಿಗೆ ಇಟ್ಟಳು. ಮುಚ್ಚಳದ ಹಾಗೆ ಕೂತಿತು.

ನಾನು ಹಂದರದ ಗಳದ ಹಿಂದೆ ಇದ್ದೆ. ಗಳ ತೆಳ್ಳಗಿತ್ತು. ಒಪ್ಪಿಕೊಂಡೆ: ಮಾತು ಕೊಟ್ಟಿದ್ದೆ, ಬರಿಗೈಲಿ ಹೋಗಲು ನಾಚಿಕೆಯಾಯಿತು, ಸಾಹೇಬರು ಗೊರಕೆ ಹೊಡೆಯುತ್ತಿದ್ದರು.

ಆದರೆ ಸಿದ್ದವ್ವ ನನ್ನನ್ನು ನೋಡಲೇ ಇಲ್ಲ. ನನ್ನಿಂದ ಆಕೆ ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ. ಹಂದರದ ಜನವೆಲ್ಲ ಮೊದಲ ಸಾಲಿನ ಕಡೆಗೆ ತಿರುಗಿತು. ಮುದಕವ್ವ ಕೋಲೂರಿಕೊಂಡು ಮುಂದೆ ಹೋಗಿ, ಮೆಲ್ಲಗೆ, ಬಹಳ ಮರ್ಯಾದೆಯಿಂದ ಅಂದಳು:

"ಕಂಡಿದ್ರ ಕಂಡೆ ಅನ್ನಬೇಕ್ರಿ, ಸಾಹೇಬ್ರ. ಕಾಣದಿದ್ರ ಕಾಣ್ಲಿಲ್ಲ ಅನ್ನಬೇಕು."

ತೀರ್ಪು ಸಿದ್ದವ್ವನದು. ಮಳೆಗಾಲ ಬರುವ ತನಕ ರವಿವಾರ ರವಿವಾರ ಇಬ್ಬರೂ ಮಾಳಿಗೆಯ ಮೇಲೆ ಓಣಿಯ ಸಂಡಿಗೆ ಕಾಯಬೇಕು: ಕಾಗೆಯನ್ನು ಸಾಹೇಬರು ನೋಡಿಕೊಳ್ಳಲಿ, ನನ್ನನ್ನೂ ಸಾಹೇಬರೇ ನೋಡಿಕೊಳ್ಳಲಿ. ಮುನಸೀಫರು ಅಪೀಲಿಗೆ ಹೋಗಲಿಲ್ಲ.

ಮುಂದಿನ ರವಿವಾರ ಅವರು ಕುರ್ಚಿಯಲ್ಲಿ, ನಾನು ಕಾದ ಮಣ್ಣಿನ ಮೇಲೆ. ಅವರು ಒಂದು ಕಣ್ಣು ಕಾಗೆಗಳ ಮೇಲೆ, ಒಂದು ಕಣ್ಣು ನನ್ನ ಮೇಲೆ ಇಟ್ಟಿದ್ದರು. ಇಳಿಹೊತ್ತಿಗೆ ಕಾಗೆಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಹಿರೇಬೆಂಡಿಗೇರಿಯ ಕಡೆಯ ಹೊಲದಿಂದ ಕೆಂಪು ಮಣ್ಣಿನ ಕಂಬವೊಂದು ಎದ್ದಿತು. ಅದು ಸಪ್ಪಳವಿಲ್ಲದೆ, ಅವಸರವಿಲ್ಲದೆ, ನಡೆದು ಬಂತು. ಮುನಸೀಫರು ಎದ್ದು ನಿಂತರು, ಅಂದು ಸೂರ್ಯನಿಗೆ ನಿಂತ ಹಾಗೆ. ನಾನೂ ನಿಂತೆ. ಗಾಳಿ ಮಾಳಿಗೆ ಹತ್ತಿತು, ನಮ್ಮಿಬ್ಬರ ನಡುವೆ ಹಾಯಿತು, ಅರಳ ಸಂಡಿಗೆಯನ್ನೆಲ್ಲ ಮೆಲ್ಲಗೆ ಎತ್ತಿತು. ಬಿಳಿಯ ಸಂಡಿಗೆಗಳು ಬಿಸಿಲಿನಲ್ಲಿ ಮಿನುಗುತ್ತ, ಸುತ್ತುತ್ತ, ಸುತ್ತುತ್ತ ಮೇಲೇರಿದವು. ಅವುಗಳ ಹಿಂದೆ ಮುನಸೀಫರ ಟೋಪಿ. ಎಲ್ಲ ಕೂಡಿ ಹಾನಗಲ್ಲಿನ ದಿಕ್ಕಿಗೆ ಹೋದವು. ಮುದಕವ್ವನ ಮೆಣಸಿನಕಾಯಿ ಅಲುಗಲಿಲ್ಲ.

ಬಹಳ ಹೊತ್ತು ನಾವು ತಲೆಯೆತ್ತಿಕೊಂಡೇ ಇದ್ದೆವು. ಮುನಸೀಫರ ಕಣ್ಣು ತುಂಬಿದ್ದವು, ಧೂಳಿನಿಂದಲೂ ಇರಬಹುದು.

ಏಣಿ ಕಿರುಗುಟ್ಟಿತು. ಸಿದ್ದವ್ವ ಬಂದು ಬರಿದಾದ ಜಾಗ ನೋಡಿದಳು. "ಏನಾತ್ರಿ?"

ಮುನಸೀಫರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

"ನಿದ್ದೆ ಬಂದ್ಬಿಡ್ತಮ್ಮ," ಎಂದರು ಅವರು. "ಕಾಗೆ ತಿಂದಿರಬೇಕು."

"ಟೊಪಗೀನೂ?"

"ಟೋಪೀನೂ."

ಅವಳು ನನ್ನ ಕಡೆಗೆ ತಿರುಗಿದಳು. "ನೀನೂ ಮಲಗಿದ್ದೇನೋ, ನೀಲ್ಯಾ?"

ಹುಟ್ಟಿದಾಗಿನಿಂದ ಅಂಥ ಅಪ್ಪಟ ನಿಜ ನನ್ನ ಬಾಯಿಗೆ ಬಂದಿರಲಿಲ್ಲ. ಅದನ್ನು ನುಂಗಿ, "ಹೂನವ್ವ, ಮಲಗಿದ್ದೆ" ಎಂದೆ.

ಗಂಟಿನಲ್ಲಿ ಬಿಸಿಲಿರಲಿಲ್ಲ, ಒಪ್ಪಿಕೊಂಡಾಯಿತು. ಹಾನಗಲ್ಲಿನ ಕೋಳಿಗಳೂ ಕೂಗಲಿಲ್ಲ. ಆದರೆ ಆ ರವಿವಾರ ನಾವು ಮಲಗಿರಲಿಲ್ಲ.