ಒಂದು ಟ್ಯಾಬ್ಲೆಟ್ಟಿಗೆ ಮೂರು ಚೀಲ

ನಾನು ರೋಣದ ಕಡೆ ಹಳ್ಳಿ ತಿರಗೋ ನರ್ಸಬಾಯಿ. ನಮಗ ನಗು ಹುಡುಕ್ಕೊಂಡು ಹೋಗೂ ಕೆಲಸಿಲ್ಲ. ಯಾರದರ ಮನಿ ಬಾಗಿಲಾ ಬಡದ್ರ ಸಾಕು, ಅದ ಒಳಗಿಂದ "ಯಾರ್ರೀ?" ಅಂತ ಎದ್ದು ಬರ್ತೈತಿ. ಈ ಸಲ ಬಂದದ್ದು ಮಾತ್ರ ಚೀಲದ ರೂಪದಾಗ.

ನುಂಗೂ ಸಾಮಾನು

ಹೋದ ವರ್ಷ ಆಫೀಸಿನವ್ರು ನಮಗೆಲ್ಲ ಒಂದೊಂದು ಟ್ಯಾಬ್ಲೆಟ್ ಕೊಟ್ರು. ದಪ್ಪ ದಪ್ಪ ರಿಜಿಸ್ಟರ್ ಹೊರೂದು ತಪ್ಪಿತು. ಆದ್ರ ಕೊಡುವಾಗ ದೊಡ್ಡ ಡಾಕ್ಟರ್ ಸಾಹೇಬ್ರು ಒಂದ ಮಾತು ಹೇಳಿದ್ರು: "ಇದು ಸರಕಾರದ ಸ್ವತ್ತು. ಒಡೀಬಾರದು, ಕಳೀಬಾರದು. ಮೀಟಿಂಗಿಗೆ ಬಂದಾಗ ಕೈಯಾಗ ಇರಬೇಕು." ಅವತ್ತಿಂದ ನನ್ನ ಜೀವ ಎಲ್ಲಾ ಅದರಾಗ. ಟ್ಯಾಬ್ಲೆಟ್ಟು, ಚಾರ್ಜರು, ಪಾವರ್ ಬ್ಯಾಂಕು, ಇಯರ್‌ಫೋನು, ಇಷ್ಟೂ ಹಿಡಿಯೋವಂಥ ಒಂದು ಸಣ್ಣ ಚೀಲ ಬೇಕಾತು.

ಡ್ಯೂಟಿ ಸೀರಿ ಮ್ಯಾಲೇ ಗಜೇಂದ್ರಗಡದ ಪ್ಯಾಟ್ಯಾಗ ಚೀಲದ ಅಂಗಡಿಗೆ ಹೋದೆ.

"ಕಾಕಾ, ಟ್ಯಾಬ್ಲೆಟ್ ಇಡಾಕ ಒಂದು ಚೀಲ ತೋರಸ್ರಿ."

"ಎಷ್ಟ ಅದಾವ್ರಿ ಸಿಸ್ಟರ್?"

"ಒಂದ ಐತ್ರಿ."

ಕಾಕಾ ಕೈಯಾಗಿನ ಚೀಲ ಕೆಳಗಿಟ್ರು. ಕನ್ನಡಕ ಸರಿ ಮಾಡ್ಕೊಂಡು ನನ್ನ ಮಾರಿ ನೋಡಿದ್ರು.

"ಒಂದ ಗುಳಿಗಿಗೆ ಚೀಲ ಯಾಕ್ರಿ? ನೀರು ಕೊಡ್ತೀನಿ, ಇಲ್ಲೇ ನುಂಗಿಬಿಡ್ರಿ!"

ಗ್ವಾಡಿ ಬಿಪಿ

ಕಡೀಗೆ ಟ್ಯಾಬ್ಲೆಟ್ ತಗದು ತೋರಿಸಿದ ಮ್ಯಾಲೆ ಕಾಕಾ ಒಂದು ದೊಡ್ಡ ಕರೀ ಬ್ಯಾಗು ಇಳಿಸಿ, "ಇದು ಆಫೀಸರ್ ಬ್ಯಾಗ್ರಿ, ಇದರ ವಜನ ಬ್ಯಾರೇನ" ಅಂದ್ರು. ಖರೇನ, ವಜನ ಬ್ಯಾರೇನ ಇತ್ತು. ಒಳಗ ನನ್ನ ಟ್ಯಾಬ್ಲೆಟ್ಟು ಖಾಲಿ ಕೊಡದಾಗಿನ ಕಡ್ಲಿಕಾಳಿನಂಗ ಉಳ್ಳಾಡ್ತಿತ್ತು.

ಆ ಬ್ಯಾಗು ಹಾಕ್ಕೊಂಡು ಮೆಣಸಗಿಗೆ ಹೋದೆ. ಆಗಷ್ಟ ಹೊಳಿ ಬಂದು ಹೋಗಿತ್ತು, ಬಿದ್ದ ಮನಿ ಬರ್ಕೊಳ್ಳೋ ಸರ್ವೇದವ್ರ ದಾರಿ ಎಲ್ಲಾರೂ ಕಾಯ್ತಿದ್ರು. ಒಬ್ಬ ಅಜ್ಜ ನನ್ನ ಬ್ಯಾಗು ನೋಡಿದವನ, ಬರ್ರಿ ಬರ್ರಿ ಅಂತ ಹಿತ್ತಲಕ್ಕ ಕರಕೊಂಡು ಹೋಗಿ ಬಿದ್ದ ಗ್ವಾಡಿ ಮುಂದ ನಿಲ್ಲಿಸಿದ. "ಫೋಟೋ ಹೊಡ್ಕೋರಿ ಮೇಡಮ್. ಈ ಕಡಿಂದೂ ಒಂದು."

"ಅಜ್ಜಾ, ನಾ ಸರ್ವೇ ಮೇಡಮ್ ಅಲ್ಲ, ನರ್ಸಬಾಯಿ. ನಿನ್ನ ಬಿಪಿ ನೋಡಾಕ ಬಂದೀನಿ."

ಅಜ್ಜ ಒಂದು ಗಳಿಗಿ ಗ್ವಾಡಿ ನೋಡಿದ, ಒಂದು ಗಳಿಗಿ ನನ್ನ ನೋಡಿದ.

"ನನ್ನ ಬಿಪಿ ಹಂಗ ಇರ್ಲಿ ಬಿಡವಾ. ಇದಕ್ಕ ಬಿಪಿ ಲೋ ಆಗೇ ಬಿದ್ದೈತಿ, ಮೊದಲ ಇದನ್ನ ಬರ್ಕೋ."

ಹನ್ನೊಂದು ಜಿಪ್ಪು

ನನ್ನ ಗೋಳು ಕೇಳಲಾರದ ನಮ್ಮನಿಯವರು ಮೊಬೈಲ್‌ದಾಗ ಹುಡುಕಿ ಒಂದು ಪುಟ್ಟ ಚೀಲ ತರಿಸಿಕೊಟ್ರು. ಅಳತಿ ಬರೋಬ್ಬರಿ ಇತ್ತು. ಆದ್ರ ಅದಕ್ಕ ಹನ್ನೊಂದು ಜಿಪ್ಪು! ನಾ ಖುಷಿಲೆ ಒಂದೊಂದು ಸಾಮಾನು ಒಂದೊಂದರಾಗ ಇಟ್ಟೆ. ಯಾವುದು ಯಾವುದರಾಗ ಅನ್ನೂದು ಮಾತ್ರ ತಲ್ಯಾಗ ಉಳೀಲಿಲ್ಲ.

ಕೊಣ್ಣೂರಾಗ ಲಸಿಕಿ ಕ್ಯಾಂಪಿತ್ತು, ನನ್ನೂ ಕಳಿಸಿದ್ರು. ಒಂದು ಕೂಸಿನ ಹೆಸರು ಬರಿಯೂದ್ರಾಗ ಟ್ಯಾಬ್ಲೆಟ್ ಚಾರ್ಜ್ ತೀರಿತು. ವಾಯರ್ ಹುಡುಕಾಕತ್ತೆ. ಒಂದು ಜಿಪ್ಪಿನಾಗ ಪೆನ್ನು, ಇನ್ನೊಂದರಾಗ ಬಸ್ಸಿನ ಹಳೇ ಟಿಕೆಟು, ಮತ್ತೊಂದರಾಗ ಇನ್ನೊಂದು ಜಿಪ್ಪು! ಕೂಸಿನ ಅವ್ವ ಕುಂತು ಕುಂತು ಸಾಕಾಗಿ ಅಂದ್ಳು:

"ಲಗೂ ಮಾಡ್ರಿ ಸಿಸ್ಟರ್. ಕೂಸಿನ ಹೆಸರು ಸಾಲ್ಯಾಗ ಹಚ್ಚೂ ಟೈಮ್ ಬಂತು."

ಐದನೇ ಕಿಸೆ

ಇದನ್ನೆಲ್ಲಾ ನೋಡಿ ನಮ್ಮತ್ತಿ ಒಂದಿನ ಟ್ಯಾಬ್ಲೆಟ್ ಕೈಯಾಗ ಹಿಡಿದು, ತಿರುವಿ ನೋಡಿ, "ಒಂದು ಸಣ್ಣ ರೊಟ್ಟಿಯಷ್ಟ ಐತಿ, ಇದಕ್ಯಾಕ ಇಷ್ಟ ಹಾರಾಡ್ತೀಯವಾ?" ಅಂದ್ಳು. ಮಷೀನ್ ಮುಂದ ಕುಂತು, ಖಣದ ಅರಿವಿಲೆ ತನ್ನ ಎಲಿ-ಅಡಕಿ ಸಂಚಿಯಂಥದ ಒಂದು ಸಂಚಿ ಹೊಲಿದ್ಳು. ಎಲಿ ಇಡೂ ಕಿಸೆದಾಗ ಟ್ಯಾಬ್ಲೆಟ್ಟು, ಅಡಕಿ ಕಿಸೆದಾಗ ಚಾರ್ಜರು, ಅಡಕೊತ್ತಿನ ಕಿಸೆದಾಗ ಪಾವರ್ ಬ್ಯಾಂಕು, ಸುಣ್ಣದ ಡಬ್ಬಿ ಕಿಸೆದಾಗ ಇಯರ್‌ಫೋನು. ಎಲ್ಲಾ ಅಚ್ಚು ಹಾಕಿದಂಗ ಕುಂತ್ವು. ಖರೇ ಹೇಳ್ತೀನಿ, ನನ್ನ ಕಣ್ಣಾಗ ನೀರು ಬಂತು. ಅವ್ವ ಆದ್ರೂ ಇಷ್ಟು ಮಾಡ್ತಿದ್ದಿಲ್ಲ.

"ಈ ಐದನೇ ಕಿಸೆ ಯಾತಕ್ಕತ್ತಿ?"

"ಅದು... ಸಂಚಿ ಅಂದಮ್ಯಾಲೆ ಐದ ಇರಬೇಕವಾ, ಸುಮ್ಮನ" ಅಂದು ಎದ್ದು ಹೋದ್ಳು. ಉಳಿದ ಅರಿವ್ಯಾಗ ತನಗೂ ಒಂದು ಅಂಥದ ಹೊಲಕೊಂಡ್ಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮತ್ತಿಗೆ ತಂಬಾಕದ ಚಟ ಇತ್ತು. ಊರಿಗೆಲ್ಲ ತಂಬಾಕ ಬಿಡ್ರಿ ಅಂತ ಹೇಳ್ತಿದ್ದ ನನಗ ಮನ್ಯಾಗ ಅದ ನಾಚಿಕಿ. ಬೈದೆ, ಕಣ್ಣೀರು ಹಾಕಿದೆ, ಬಾಯಿ ಹುಣ್ಣಿನ ಫೋಟೋ ತೋರಿಸಿದೆ. ಕಡೀಗೆ ಯುಗಾದಿ ದಿನ ಬೇವು ಬೆಲ್ಲ ಕೈಯಾಗ ಹಿಡಕೊಂಡು, "ಬಿಟ್ಟೆ. ಇನ್ನ ಬರೇ ಎಲಿ ಅಡಕಿ" ಅಂತ ಆಣಿ ಮಾಡಿದ್ಳು. ನಾ ಅದನ್ನ ಎಲ್ಲಾರ ಮುಂದ ಹೇಳ್ಕೊಂಡು ತಿರಗಿದೆ, ನಮ್ಮ ಸಾಹೇಬ್ರ ಮುಂದೂ.

ಮುಂದ ರೋಣದಾಗ ಮೀಟಿಂಗ್ ಬಂತು. ಅವತ್ತ ಮುಂಜಾನೆ ಅತ್ತಿ ಶ್ಯಾವಿಗಿ ಹೊಸಿಯಾಕ ಮುಶಿಗೇರಿಗೆ ತಂಗಿ ಮನಿಗೆ ಹೋಗಿದ್ಳು. ನಾ ಗೂಟಕ್ಕಿದ್ದ ಸಂಚಿ ಹೆಗಲಿಗೆ ಹಾಕ್ಕೊಂಡು ಬಸ್ ಹಿಡಿದೆ.

ಸಾಹೇಬ್ರು "ಎಲ್ಲಾರೂ ಟ್ಯಾಬ್ ತೋರಸ್ರಿ" ಅಂದ್ರು. ಎಲ್ಲಾರೂ ಟೇಬಲ್ ಮ್ಯಾಲೆ ಇಟ್ರು. ನಾನೂ ದಿಮಾಕಿಲೆ ಸಂಚಿ ಬಿಚ್ಚಿದೆ. ವಿಳ್ಯೇದೆಲಿ ಬಂತು. ಅಡಕಿ ಬಂತು. ಅಡಕೊತ್ತು ಬಂತು. ಸುಣ್ಣದ ಡಬ್ಬಿ ಬಂತು. ಐದನೇ ಕಿಸೆದಾಗ ಕೈ ಹಾಕಿದ್ರ ತಂಬಾಕದ ಪುಡಿಕಿ! ನಾ ನಿಂತ ಗ್ವಾಡಿ ಮ್ಯಾಲೆ "ತಂಬಾಕು ಬಿಡಿ" ಅನ್ನೂ ಪೋಸ್ಟರ್ ಬ್ಯಾರೆ.

"ಟ್ಯಾಬ್ ಎಲ್ಲೈತಿ?" ಅಂದ್ರು ಸಾಹೇಬ್ರು.

"ನಮ್ಮತ್ತಿ... ಮುಶಿಗೇರಿ... ಶ್ಯಾವಿಗಿ..." ನನ್ನ ಬಾಯಾಗ ಅಷ್ಟ ಬಂತು. ನೌಕರಿ ಹೋತು ಅಂತ ಮನಸಿನ್ಯಾಗ ಗಟ್ಟಿ ಮಾಡ್ಕೊಂಡೆ.

ಸಾಹೇಬ್ರು ಟ್ಯಾಬಿಗೆ ವಿಡಿಯೋ ಕಾಲ್ ಹಚ್ಚಿದ್ರು. ಹಸಿರು ಗುಂಡಿ ಒತ್ತೂದು ಅತ್ತಿಗೆ ಬರ್ತೈತಿ, ದಿನಾ ಮಗಳ ಕೂಡ ಮಾತಾಡ್ತಾಳ. ಮೊದಲ ಮೂಗುತಿ ಕಂಡಿತು, ಆಮ್ಯಾಲೆ ಅರ್ಧ ಮಾರಿ.

"ಯಾರಪಾ ನೀ?"

"ನಾ ದವಾಖಾನಿ ದೊಡ್ಡ ಡಾಕ್ಟರ್ ಅವ್ವಾ. ನಿಮ್ಮ ಕೈಯಾಗ ಸರಕಾರದ ಟ್ಯಾಬ್ ಐತಿ. ಜ್ವಾಕಿ ಐತೇನು?"

"ಇದಕ್ಕೇನಾಗೈತಿ, ಉಡ್ಯಾಗ ಇಟ್ಕೊಂಡು ಕುಂತೀನಿ. ಮೊದಲ ನನ್ನ ಸಂಚಿ ಯಾರ ಕೈಯಾಗ ಸಿಕ್ಕೈತಿ, ಅದನ್ನ ಹೇಳು."

"ನನ್ನ ಮುಂದ ಐತವ್ವಾ."

ಅತ್ತಿ ಆ ಕಡೆ ಈ ಕಡೆ ನೋಡಿದ್ಳು. ಟ್ಯಾಬ್ ಬಾಯಿ ಹತ್ರ ತಂದು ಪಿಸುಗುಟ್ಟಿದ್ಳು. ಖೋಲಿಗೆಲ್ಲ ಕೇಳಿಸ್ತು.

"ನಿನಗ ಕೈ ಮುಗೀತೀನಿ ಯಪ್ಪಾ, ಅದರಾಗ ತಂಬಾಕ ಐತಿ. ಬೇಕಾದ್ರ ಊರಿಗೆಲ್ಲ ಡಂಗುರಾ ಹೊಡಿ, ನನ್ನ ಸೊಸಿಗೆ ಮಾತ್ರ ಹೇಳಬ್ಯಾಡ. ಪಾಪ, ನಾ ಬಿಟ್ಟೀನಿ ಅಂತ ಊರ ತುಂಬ ಹೆಮ್ಮಿಲೆ ಹೇಳ್ಕೊಂಡು ತಿರಗ್ಯಾಳ, ಮನಸಿಗೆ ಹಚ್ಕೋತಾಳ."

ಸಾಹೇಬ್ರು ನನ್ನ ಕೈಯಾಗಿನ ಪುಡಿಕಿ ನೋಡಿದ್ರು, ನನ್ನ ಮಾರಿ ನೋಡಿದ್ರು.

"ಚಿಂತಿ ಮಾಡಬ್ಯಾಡವ್ವಾ," ಅಂದ್ರು, "ಇಲ್ಲಿರೋರು ಯಾರೂ ಆಕಿಗೆ ಹೇಳಂಗಿಲ್ಲ."